ಬೆಂಗಳೂರಿನ ಕಾಲು, ಕಲ್ಕತ್ತೆಯ ಕೀರ್ತಿ

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ಬ್ರಿಟಿಷ್ ದಂಡಿನ ಜೊತೆ. ಸೋಲ್ಜರುಗಳು ಬೂಟು ತೊಟ್ಟು ಆಡುತ್ತಿದ್ದ ಆಟವನ್ನು ದಂಡು ಪ್ರದೇಶದ ಹುಡುಗರು ಬರಿಗಾಲಲ್ಲೇ ಕಲಿತರು. ಕೊನೆಗೆ ಕಲಿಸಿದವರನ್ನೇ ಸೋಲಿಸಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷ ಫೈನಲ್‌ನಲ್ಲಿ ಅದು ಮಣಿಸಿದ್ದು ಸ್ಕಾಟ್ಲೆಂಡಿನ ಆರ್ಗೈಲ್ ಅಂಡ್ ಸದರ್‌ಲೆಂಡ್ ಹೈಲ್ಯಾಂಡರ್ಸ್ ಪಡೆಯನ್ನು.

1926ರ ಡಿಸೆಂಬರ್ 24ರಂದು ಹುಟ್ಟಿದ ಅಹ್ಮದ್ ಖಾನ್ ಬೆಳೆದದ್ದು ಈ ವಾತಾವರಣದಲ್ಲಿ. ಇಪ್ಪತ್ತೊಂದನೆಯ ವಯಸ್ಸಿಗೆ ಅವರು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡದಲ್ಲಿದ್ದರು. 1948ರ ಜುಲೈ 31ರಂದು ಲಂಡನ್ ಬಳಿಯ ಇಲ್ಫರ್ಡ್‌ನಲ್ಲಿ ಎದುರಾಳಿ ಫ್ರಾನ್ಸ್. ಭಾರತದ ಹೆಚ್ಚಿನ ಆಟಗಾರರ ಕಾಲಲ್ಲಿ ಬೂಟಿರಲಿಲ್ಲ. ದೇಶದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. ಆದರೆ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡ ಭಾರತ 1-2ರಿಂದ ಸೋತಿತು.

ಊರಲ್ಲಿ ಆಟಗಾರರಿದ್ದರು, ಆಟವನ್ನು ನಂಬಿ ಬದುಕುವ ದಾರಿ ಇರಲಿಲ್ಲ. ಆ ಕಾಲದಲ್ಲಿ ಫುಟ್‌ಬಾಲಿನ ರಾಜಧಾನಿ ಎಂದರೆ ಕಲ್ಕತ್ತಾ. ರಾಮನ್ ಮೋಹನ್ ಬಾಗನ್‌ಗೆ ಹೋದರೆ, ಅಹ್ಮದ್ ಖಾನ್ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಜೊತೆಗೂಡಿದ ಆ ಮುಂಪಡೆಯನ್ನು ಕಲ್ಕತ್ತೆಯ ಜನ 'ಪಂಚಪಾಂಡವರು' ಎಂದು ಕರೆದರು. ಐವರಲ್ಲಿ ಧನರಾಜ್ ಕೂಡ ಬೆಂಗಳೂರಿನವರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಈಸ್ಟ್ ಬೆಂಗಾಲ್ ಪಾಲಾಯಿತು.

1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿಯೂ ಅಹ್ಮದ್ ಖಾನ್ ಇದ್ದರು. ಮುಂದಿನ ವರ್ಷ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ 10-1ರಿಂದ ಭಾರತವನ್ನು ನೆಲಕಚ್ಚಿಸಿತು. ಭಾರತದ ಆ ಒಂದೇ ಗೋಲು ಅಹ್ಮದ್ ಖಾನ್ ಅವರದು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಬರಿಗಾಲಿನ ಫುಟ್‌ಬಾಲ್ ಯುಗ ಅಲ್ಲಿಗೆ ಮುಗಿಯಿತು.

ಸುಮಾರು ಹತ್ತು ವರ್ಷ ಈಸ್ಟ್ ಬೆಂಗಾಲ್‌ಗೆ ಆಡಿದ ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ನಿಧನರಾದರು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಆಸ್ಟಿನ್ ಟೌನ್, ಗೌತಮಪುರದ ಹುಡುಗರ ಕಣ್ಣೆದುರು ಈಗ ಊರಿನದೇ ದೊಡ್ಡ ತಂಡವಿದೆ. ಅಹ್ಮದ್ ಖಾನ್ ಕಾಲದಲ್ಲಿ ದೊಡ್ಡ ತಂಡ ಬೇಕೆಂದರೆ ಕಲ್ಕತ್ತೆಯ ರೈಲು ಹತ್ತಬೇಕಿತ್ತು.