ಮೋಡಬಿತ್ತನೆಯೂ ಅರ್ಕಾವತಿಯ ಜಲಾನಯನವೂ

ಅನಾವೃಷ್ಟಿಯ ಕಾಲದಲ್ಲಿ ಕಿಗ್ಗದ ಋಷ್ಯಶೃಂಗನಿಗೆ ಮೊರೆಯಿಡುವುದು ಕನ್ನಡನಾಡಿನ ಹಳೆಯ ಸಂಪ್ರದಾಯ. ಮಳೆಯನ್ನು ಮನುಷ್ಯನೇ ತರಿಸುವೆನೆಂಬ ಉದ್ಯಮವಾದರೋ ಈಚಿನದು. 1946ನೆಯ ನವೆಂಬರ್ 13ರಂದು ವಿನ್ಸೆಂಟ್ ಷೇಫರ್ ಎಂಬ ಅಮೆರಿಕದ ವಿಜ್ಞಾನಿಯು ಗ್ರೇಲಾಕ್ ಬೆಟ್ಟದ ಸಮೀಪದಲ್ಲಿ ವಿಮಾನದಿಂದ ಮೋಡಕ್ಕೆ ಘನ ಇಂಗಾಲಾಮ್ಲವನ್ನು ಚೆಲ್ಲಿ, ಅದರಿಂದ ಹಿಮವುದುರುವಂತೆ ಮಾಡಿದನು. ಬಳಿಕ ಈ ವಿದ್ಯೆಯು ಅಲ್ಲಿನ ಪರ್ವತಗಳ ಹಿಮವನ್ನು ಹೆಚ್ಚಿಸುವ ಕಾರ್ಯಕ್ಕೂ, ಇಲ್ಲಿ ಮುಂಗಾರಿನ ಮೋಡಗಳಿಗೂ ಬಳಕೆಗೆ ಬಂದಿತು. ಶೀತಲ ಮೋಡಗಳಿಗೆ ಬೆಳ್ಳಿಯ ಅಯೋಡೈಡನ್ನೂ, ಬೆಚ್ಚನೆಯ ಮೋಡಗಳಿಗೆ ಉಪ್ಪಿನ ಕಣಗಳನ್ನೂ ಬಿತ್ತುವುದು ಇದರ ಕ್ರಮ.

ಕರ್ನಾಟಕದಲ್ಲಿ 1975ರಲ್ಲಿ ಲಿಂಗನಮಕ್ಕಿಯ ಜಲಾನಯನದ ಮೇಲೆ ಉಪ್ಪಿನ ಬಿತ್ತನೆಯ ಪ್ರಯೋಗ ನಡೆಯಿತು. 2003ರಲ್ಲಿ 'ವರುಣ', 2017ರಲ್ಲಿ 'ವರ್ಷಧಾರಿ' ಎಂಬ ಸರ್ಕಾರಿ ಯೋಜನೆಗಳು ಬಂದವು. ಇವುಗಳ ಫಲವನ್ನು ನಿರ್ಣಯಿಸುವಲ್ಲಿ ಕಾಲಾನುಕ್ರಮವನ್ನು ಮರೆಯಲಾಗದು. 'ವರ್ಷಧಾರಿ'ಯ ವಿಮಾನವು ಜಕ್ಕೂರಿನಿಂದ ಹಾರಿದ್ದು 2017ರ ಆಗಸ್ಟ್ 21ರಂದು. ಬೆಂಗಳೂರಿನಲ್ಲಿ ದಾಖಲೆಯ ಮಳೆ ಸುರಿದದ್ದು ಅದಕ್ಕೂ ಮೊದಲು, ಆಗಸ್ಟ್ 15ರ ನಸುಕಿನಲ್ಲಿ. ಬಿತ್ತನೆಯ ಅನಂತರ ಬಂದ ಮಳೆಯೆಲ್ಲವೂ ಬಿತ್ತನೆಯಿಂದಲೇ ಬಂದಿತೆಂದು ಹೇಳುವುದು ಆದ್ದರಿಂದ ಸಾಧುವಾಗಲಾರದು. ಬಿತ್ತಿದ ಮೋಡಗಳನ್ನು ಬಿತ್ತದವುಗಳೊಡನೆ ಹೋಲಿಸಿಯೇ ಫಲವನ್ನು ಅಳೆಯಬೇಕು. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯವರು ಸೊಲ್ಲಾಪುರದಲ್ಲಿ ಹಾಗೆಯೇ ಪರೀಕ್ಷಿಸಿ, ಮಳೆಯು ಸುಮಾರು ಶೇಕಡ 18ರಷ್ಟು ಹೆಚ್ಚಿತೆಂದು 2023ರಲ್ಲಿ ಪ್ರಕಟಿಸಿದರು. ಮೋಡವೇ ಇಲ್ಲದ ಆಕಾಶದಲ್ಲಿ ಬಿತ್ತನೆ ನಿಷ್ಫಲವೆಂಬುದು ನಿರ್ವಿವಾದ.

ಈ ದ್ರವ್ಯಗಳಿಂದ ನೆಲಜಲಗಳಿಗೆ ಹಾನಿಯುಂಟೇ ಎಂಬ ಶಂಕೆ ಸಹಜವಾದುದು. ಬೆಳ್ಳಿಯ ಅಯೋಡೈಡ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಒಮ್ಮೆಗೆ ಬಳಸುವ ಪ್ರಮಾಣವೂ ಅಲ್ಪ. ಆದರೂ ಒಂದೇ ಸೀಮೆಯಲ್ಲಿ ವರ್ಷವರ್ಷವೂ ಬಿತ್ತುವುದಾದರೆ ಕೆರೆಯ ನೀರನ್ನೂ ಮಣ್ಣನ್ನೂ ಪರೀಕ್ಷಿಸುತ್ತಿರುವುದು ಆವಶ್ಯಕ. ಇದಕ್ಕಿಂತಲೂ ಗುರುತರವಾದ ಆತಂಕವು ನೆಲದ ಉಪೇಕ್ಷೆಗೆ ಸಂಬಂಧಿಸಿದುದೆಂದು ನಮ್ಮ ಅಭಿಪ್ರಾಯ.

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿಯ ದಿಕ್ಕಿನಲ್ಲಿ, ಅರ್ಕಾವತಿ ಮತ್ತು ಕುಮುದ್ವತಿ ನದಿಗಳು ಕೂಡುವಲ್ಲಿ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವು ಸಿದ್ಧವಾಗಿ ನಗರಕ್ಕೆ ನೀರೂಡಿತು. ಕ್ರಮೇಣ ಅದಕ್ಕೆ ಒಳಹರಿವು ಕುಗ್ಗಿತು. ಕಾರಣವನ್ನು ಶೋಧಿಸಿದ ಅಶೋಕ ಸಂಶೋಧನಾ ಸಂಸ್ಥೆಯ 'ಏಟ್ರೀ' ವಿದ್ವಾಂಸರಿಗೆ ಮಳೆಯ ಮೊತ್ತದಲ್ಲಿ ಗಣನೀಯವಾದ ಇಳಿತ ಕಂಡುಬರಲಿಲ್ಲ. ಅಂತರ್ಜಲದ ಅತಿಬಳಕೆ ಹಾಗೂ ನೀಲಗಿರಿ ತೋಪುಗಳ ವಿಸ್ತರಣವೇ ಪ್ರಬಲ ಕಾರಣಗಳಾಗಿ ತೋರಿದವೆಂದು ಅವರು 2015ರಲ್ಲಿ ಬರೆದರು. ಅಂದಮೇಲೆ ಮೋಡದಿಂದ ಇನ್ನಷ್ಟು ಮಳೆ ಇಳಿಸಿದರೂ ಅದರಲ್ಲಿ ಜಲಾಶಯವನ್ನು ಮುಟ್ಟುವ ಪಾಲೆಷ್ಟು? ಕೆಂಗೇರಿಯ ಕಡೆಗೆ ಬಿದ್ದ ಮಳೆಯ ಗತಿಯೂ ಇಂತಹುದೇ. ಅದು ವೃಷಭಾವತಿಯಲ್ಲಿ ನಗರದ ಕೊಳಚೆಯೊಡನೆ ಬೆರೆತು ಹರಿದುಹೋಗುತ್ತದೆ.

'ವರುಣ'ವು ಬಂದ 2003ರಲ್ಲಿಯೇ, ನವೆಂಬರ್ ತಿಂಗಳಲ್ಲಿ, ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ರಕ್ಷಿಸಲು ಸರ್ಕಾರವು ಅಧಿಸೂಚನೆಯೊಂದನ್ನು ಹೊರಡಿಸಿತು. ಆಕಾಶದ ಕಾರ್ಯವೂ ನೆಲದ ಕಾರ್ಯವೂ ಒಂದೇ ವರ್ಷದಲ್ಲಿ ಮೊದಲಾದುದು ಇತಿಹಾಸದ ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿ. ಮೊದಲನೆಯದರ ಫಲವು ಒಂದು ಋತುವಿನದು. ಎರಡನೆಯದರ ಫಲವು ತಲೆಮಾರುಗಳದು. ಮುಂದೆ ಬರುವ ಬಿತ್ತನೆಯ ಯೋಜನೆಗಳನ್ನು ಈ ಎರಡನೆಯ ಕಾರ್ಯದೊಡನೆ ಇಟ್ಟು ತೂಗಬೇಕೆಂಬುದೇ ನಮ್ಮ ವಿಚಾರಣೆಯಿಂದ ತೇಲುವ ನಿರ್ಣಯ.