ಶಿಶುನಾಳ ಶರೀಫ ಸಾಹೇಬರ ಪದಗಳು: ಭಕ್ತರ ಕಂಠದಲ್ಲಿ ಉಳಿದ ಭಾಗ್ಯ

ಜಾತ್ರೆಯ ದಿನ ಪಲ್ಲಕ್ಕಿ ಗುಡಿ ಮುಟ್ಟಿ, ಮಹಾಮಂಗಳಾರತಿ ಮುಗಿದು, ಪ್ರಸಾದವಾದ ಮೇಲೆ ಭಜನೆಗೆ ಕೂಡುವುದು ಉತ್ತರದ ಕನ್ನಡ ಸೀಮೆಯ ಹಳೆಯ ವಾಡಿಕೆ. ಏಕತಾರಿ, ದಮ್ಮಡಿ, ತಾಳ, ಪೇಟಿ ಇಷ್ಟಿದ್ದರೆ ಸಾಕು, ಬೆಳಗಿನ ಜಾವದವರೆಗೆ ಪದಗಳಿಗೆ ಬರವಿಲ್ಲ. ಶರಣರ ವಚನ, ದಾಸರ ಕೀರ್ತನೆ, ಕಡಕೋಳ ಮಡಿವಾಳಪ್ಪನವರ ತತ್ವಪದಗಳ ನಡುವೆ ಯಾರಾದರೊಬ್ಬರು ಶರೀಫ ಸಾಹೇಬರ ಪದ ಎತ್ತಿಕೊಂಡರೆ ತೂಕಡಿಸುತ್ತಿದ್ದವರೂ ಎದ್ದು ಕುಳಿತು ತಾಳ ಹಾಕುತ್ತಾರೆ. ಪದ ಕಟ್ಟಿದ ಮಹಾನುಭಾವರು ಕಣ್ಮರೆಯಾಗಿ ನೂರು ವರ್ಷಗಳ ಮೇಲಾದರೂ ಈ ಪ್ರೀತಿ ಬತ್ತಿಲ್ಲ. ಇದಕ್ಕೆ ಕಾರಣವೇನೆಂಬುದನ್ನು ಭಕ್ತರು ಅರಿತುಕೊಳ್ಳುವುದು ಉಚಿತ.

ಶರೀಫರು ಹುಟ್ಟಿದ್ದು 1819ರಲ್ಲಿ, ಶಿಗ್ಗಾವಿ ತಾಲೂಕಿನ ಶಿಶುವಿನಹಾಳದಲ್ಲಿ. ಜನರ ಬಾಯಲ್ಲಿ ಅದೇ ಶಿಶುನಾಳ. ಅಂದು ಧಾರವಾಡ ಸೀಮೆಗೆ ಸೇರಿದ್ದ ಈ ಊರು 1997ರಿಂದ ಹಾವೇರಿ ಜಿಲ್ಲೆಯಲ್ಲಿದೆ. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಖಾದರ ಷಾ ವಲಿಯವರ ಕೃಪೆಯಿಂದ ಈ ಮಗ ಹುಟ್ಟಿದನೆಂದು ಆ ಭಾಗದವರು ನಂಬುತ್ತಾರೆ. ಪೇಶವೆಯರ ಆಳಿಕೆ ಮುಗಿದು ಕಂಪನಿ ಸರಕಾರ ಬಂದು ಒಂದು ವರ್ಷವಷ್ಟೇ ಆಗಿದ್ದ ಕಾಲ ಅದು. ಬಾಲಕ ಶರೀಫರು ಓದು ಬರಹ ಕಲಿತು, ಮುಲ್ಕಿ ಪರೀಕ್ಷೆ ಪಾಸಾಗಿ, ಕೆಲಕಾಲ ಸಾಲಿ ಮಾಸ್ತರರಾಗಿಯೂ ಕೆಲಸ ಮಾಡಿದರು. ಆದರೆ ಅವರ ಮನಸ್ಸು ನೌಕರಿಯಲ್ಲಿ ನಿಲ್ಲಲಿಲ್ಲ.

ಅವರಿಗೆ ದಾರಿ ತೋರಿದ ಗುರು ಕಳಸದ ಗೋವಿಂದ ಭಟ್ಟರು. ಗುರುಗಳು ಬ್ರಾಹ್ಮಣರು, ಶಿಷ್ಯರು ಮುಸಲ್ಮಾನರು. ನಿನ್ನ ತಂದೆ ಯಾರೆಂದು ಗುರುಗಳು ಮೊದಲ ಭೇಟಿಯಲ್ಲಿ ಕೇಳಿದರಂತೆ. ನಿಮಗೆ ಯಾರು ತಂದೆಯೋ ನನಗೂ ಅವನೇ ತಂದೆಯೆಂದು ಹುಡುಗ ಉತ್ತರ ಕೊಟ್ಟನಂತೆ. ಎಲ್ಲರ ತಂದೆ ಒಬ್ಬನೇ ಎಂಬ ಆ ಮಾತಿಗೆ ಭಟ್ಟರು ಮನಸೋತು ಅವನನ್ನು ಶಿಷ್ಯನನ್ನಾಗಿ ಮಾಡಿಕೊಂಡರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮುಂದೆ ಗುರುಗಳು ಶಿಷ್ಯನಿಗೆ ಜನಿವಾರವನ್ನೂ ಹಾಕಿದರೆಂಬ ಕಥೆ ಪ್ರಸಿದ್ಧವಾಗಿದೆ. ಇಬ್ಬರೂ ತಮ್ಮ ತಮ್ಮ ಜಾತಿಯವರ ಸಿಟ್ಟನ್ನು ಎದುರಿಸಬೇಕಾಯಿತು. ಆದರೂ ಗುರುವು ಶಿಷ್ಯನನ್ನು ಬಿಡಲಿಲ್ಲ, ಶಿಷ್ಯನು ಗುರುವಿನ ಪಾದ ಬಿಡಲಿಲ್ಲ. ಶರೀಫರ ಅನೇಕ ಪದಗಳಲ್ಲಿ ಗುರು ಗೋವಿಂದನ ಹೆಸರು ಬರುವುದು ಈ ಋಣದಿಂದಲೇ.

ಗುಡಿಗೆ ನಡೆದುಕೊಳ್ಳುವ ಭಕ್ತರು ಶರೀಫರ ಅಂಕಿತವನ್ನು ವಿಶೇಷವಾಗಿ ಗಮನಿಸಬೇಕು. ದಾಸರು ವಿಠಲನ ಹೆಸರಿನಲ್ಲಿ, ಶರಣರು ತಮ್ಮ ಇಷ್ಟದೈವದ ಹೆಸರಿನಲ್ಲಿ ಮಾತು ಮುಗಿಸಿದಂತೆ ಶರೀಫರು ‘ಶಿಶುನಾಳಧೀಶ’ ಎಂದು ಪದ ಮುಗಿಸುತ್ತಾರೆ. ಅಂದರೆ ಶಿಶುನಾಳದ ಒಡೆಯ, ಊರ ದೈವ. ಮುಸಲ್ಮಾನ ಮನೆಯಲ್ಲಿ ಹುಟ್ಟಿದವರು ಊರ ದೇವರನ್ನೇ ತಮ್ಮ ಒಡೆಯನೆಂದು ಹಾಡಿದರು. ಹಾಗೆಂದು ಹುಟ್ಟಿದ ಮನೆಯನ್ನು ಮರೆತವರಲ್ಲ. ಮೊಹರಮ್ಮಿನಲ್ಲಿ ಅಲಾಬಿಯ ಸುತ್ತ ಹಾಡುವ ರಿವಾಯತ ಪದಗಳನ್ನೂ ಅವರು ಕಟ್ಟಿಕೊಟ್ಟಿದ್ದಾರೆ. ಸವದತ್ತಿಯ ಎಲ್ಲಮ್ಮನನ್ನು ನೆನೆದರು. ನವಲಗುಂದದ ನಾಗಲಿಂಗ ಯತಿಗಳು, ಗರಗದ ಮಡಿವಾಳೇಶ್ವರರು, ಹುಬ್ಬಳ್ಳಿಯ ಸಿದ್ಧಾರೂಢರು ಅವರ ಕಾಲದವರೇ. ಆ ಸೀಮೆಯಲ್ಲಿ ಸತ್ಪುರುಷರು ಒಬ್ಬರನ್ನೊಬ್ಬರು ಕಂಡು ಗೌರವಿಸುತ್ತಿದ್ದ ಪುಣ್ಯಕಾಲವದು.

ಇನ್ನು ಪದಗಳ ಮಾತು. ಶರೀಫರು ದೊಡ್ಡ ವೇದಾಂತವನ್ನು ಹೇಳಲು ದೊಡ್ಡ ಶಬ್ದ ಹುಡುಕಲಿಲ್ಲ. ಮಳೆಗಾಲದಲ್ಲಿ ಸೋರುವ ಮಾಳಿಗೆಯನ್ನು ತೋರಿಸಿ, ಅಜ್ಞಾನದಿಂದ ಹಾಳಾಗುವ ಈ ದೇಹದ ಮನೆಯನ್ನು ನೆನಪಿಸಿದರು. ಅತ್ತೆಮನೆಗೆ ಹೊರಟು ಅಳುವ ಹೆಣ್ಣುಮಗಳನ್ನು ಸಂತೈಸುತ್ತ, ಜೀವ ಈ ಲೋಕಕ್ಕೆ ಬಂದು ಹೋಗುವ ಗುಟ್ಟು ಹೇಳಿದರು. ತಂಬೂರಿ, ಗುಡುಗುಡಿ, ಹೊಸದಾಗಿ ಬಂದ ಗಿರಣಿ, ಕಣ್ಣಿಗೆ ಬಿದ್ದದ್ದೆಲ್ಲ ಅವರಿಗೆ ತತ್ವವಾಯಿತು. ಕೋಳಿಯು ಕೋಡಗವನ್ನು ನುಂಗಿತೆಂಬ ಪದ ಕೇಳಿ ಮಕ್ಕಳು ನಗುತ್ತಾರೆ. ಒಂದರ ಹಿಂದೆ ಒಂದು ತಲೆಕೆಳಗಾದ ಮಾತು ಬರುತ್ತ ಹೋಗಿ, ಕಡೆಗೆ ಗುರುವಿನ ಪಾದವು ತನ್ನನ್ನೇ ನುಂಗಿತೆಂದು ಬಂದಾಗ ಹಿರಿಯರು ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ಮಕ್ಕಳಿಗೆ ನಗೆಯಾದದ್ದೇ ಮುಪ್ಪಿನವರಿಗೆ ಜ್ಞಾನವಾಗುವುದು ಈ ಪದಗಳ ಹೆಚ್ಚಳ.

ನಾದದ ಗುಣವೂ ಅಂಥದೇ. ಹೆಚ್ಚಿನ ಪದಗಳಲ್ಲಿ ಪಲ್ಲವಿ ಚಿಕ್ಕದು, ನುಡಿಗಳು ಚಿಕ್ಕವು. ಒಬ್ಬರು ನುಡಿ ಹೇಳಿದರೆ ಮೇಳವೆಲ್ಲ ಪಲ್ಲವಿ ಹಿಡಿಯಬಹುದು. ಅಕ್ಷರ ಬಾರದವರಿಗೂ ಎರಡು ಸಲ ಕೇಳಿದರೆ ಬಾಯಿಗೆ ಬರುತ್ತದೆ. ಭಾಷೆಯಂತೂ ಹೊಲ ಮನೆಯಲ್ಲಿ ಆಡುವ ಧಾರವಾಡ ಕಡೆಯ ಮಾತೇ.

1889ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ಶರೀಫರು ಶಿಶುನಾಳದಲ್ಲಿಯೇ ದೇಹವಿಟ್ಟರು. ಅವರ ಅಂತ್ಯಕ್ರಿಯೆಯಲ್ಲಿ ಎರಡೂ ಧರ್ಮದ ವಿಧಿಗಳು ನಡೆದವೆಂದು ಆ ಭಾಗದವರು ಹೇಳುತ್ತಾರೆ. ಇಂದಿಗೂ ಅವರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ, ಜಾತ್ರೆಯೂ ಆಗುತ್ತದೆ. ‘ಕರ್ನಾಟಕದ ಕಬೀರ’ ಎಂದು ಜನ ಅವರನ್ನು ಕರೆದದ್ದು ಸಾರ್ಥಕವಾಗಿದೆ.

ಶರೀಫರಿಗೆ ರಾಜಾಶ್ರಯವಿರಲಿಲ್ಲ. ಅವರ ಪದಗಳನ್ನು ಕಾಯ್ದುಕೊಂಡವರು ಭಜನೆಯವರು, ಬೀಸುವ ಕಲ್ಲಿನ ಮುಂದಿನ ಹೆಣ್ಣುಮಕ್ಕಳು, ಕಟ್ಟೆಯ ಮೇಲೆ ಕುಳಿತು ಪದಕ್ಕೆ ಅರ್ಥ ಕೇಳುವ ಮುದುಕರು. ಬಾಯಿಂದ ಬಾಯಿಗೆ ಹೋಗುವಾಗ ಊರಿಂದೂರಿಗೆ ಒಂದೆರಡು ಶಬ್ದ ಬೇರೆಯಾದವು, ಧಾಟಿ ಬೇರೆಯಾಯಿತು, ಆದರೆ ತಿರುಳು ಕೆಡಲಿಲ್ಲ. ಆಮೇಲೆ ಆಸಕ್ತರು ಈ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಅಚ್ಚಾದದ್ದು ಮೊದಲು ಕಂಠದಲ್ಲಿ ಉಳಿದಿತ್ತೆಂಬುದನ್ನು ಮರೆಯಬಾರದು.

ಹಳ್ಳಿಯ ಈ ಸಂಪತ್ತನ್ನು ನಾಡಿನ ಮೂಲೆ ಮೂಲೆಗೆ ಮುಟ್ಟಿಸಿದವರಲ್ಲಿ ಸಿ. ಅಶ್ವಥ್ ಅವರು ಮುಖ್ಯರು. ಅವರ ಏರುಕಂಠದಲ್ಲಿ ಶರೀಫರ ಪದಗಳು ಕ್ಯಾಸೆಟ್ಟಿನ ಮೂಲಕ ಮನೆಮನೆಗೆ ಬಂದವು. ಕೋಡಗ-ಕೋಳಿಯ ಪದವನ್ನು ಶಿವಮೊಗ್ಗ ಸುಬ್ಬಣ್ಣನವರು ಹಾಡಿದ ರೀತಿ ಇಂದಿಗೂ ಜನಪ್ರಿಯ. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರ ಬಂದಿತು. ಶ್ರೀಧರ ಅವರು ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿ ನಟಿಸಿದರು. ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. ಅಶ್ವಥ್ ಅವರು 2009ರಲ್ಲಿ, ಸುಬ್ಬಣ್ಣನವರು 2022ರಲ್ಲಿ ತೀರಿಕೊಂಡರು. ಆ ಬಳಿಕವೂ ಹೊಸ ತಲೆಮಾರಿನವರು ಗಿಟಾರ್ ಹಿಡಿದು ಅವೇ ಪದಗಳನ್ನು ಹಾಡುತ್ತಿದ್ದಾರೆ. ವಾದ್ಯ ಬದಲಾದರೂ ಪದ ತನ್ನ ಮಾತು ಹೇಳುತ್ತಲೇ ಇದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರಿಗೆ ಶರೀಫರು ಹೊರಗಿನವರಲ್ಲ. ಧಾರವಾಡವೂ ಸೊಲ್ಲಾಪುರವೂ ಒಂದೇ ಮುಂಬಯಿ ಇಲಾಖೆಯಲ್ಲಿದ್ದವು. ಅಕ್ಕಲಕೋಟೆ, ಜತ್ತ ಅಂದು ಸಂಸ್ಥಾನಗಳು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬೇರೆಯಾಯಿತು, ಭಜನೆಯ ಪದಕ್ಕೆ ಗಡಿ ಬೀಳಲಿಲ್ಲ. ಕಚೇರಿಯಲ್ಲಿ, ಪೇಟೆಯಲ್ಲಿ ಮರಾಠಿ ಮಾತು ನಡೆಯುವಾಗಲೂ ಗುಡಿಯ ಕಟ್ಟೆಯ ಮೇಲೆ ಕನ್ನಡ ಉಳಿದದ್ದು ಇಂಥ ಪದಗಳಿಂದಲೇ. ಕನ್ನಡ ಓದಲು ಬಾರದ ಮಗುವೂ ಶರೀಫರ ಪಲ್ಲವಿ ಹಿಡಿದು ಹಾಡಿದರೆ ಅದಕ್ಕೆ ತಾಯಿನುಡಿಯ ಮೊದಲ ಪಾಠವಾದಂತೆಯೇ.

ಆದರೆ ಕಂಠದಿಂದ ಬಂದದ್ದು ಕಂಠ ನಿಂತರೆ ನಿಲ್ಲುತ್ತದೆ. ಧ್ವನಿವರ್ಧಕದಲ್ಲಿ ಮುದ್ರಿತ ಹಾಡು ಹಚ್ಚಿಬಿಟ್ಟರೆ ಜಾತ್ರೆಯ ಗದ್ದಲವಾದೀತು, ಭಜನೆಯಾಗಲಾರದು. ಹಿರಿಯರ ಪಕ್ಕದಲ್ಲಿ ಹುಡುಗರು ತಾಳ ಹಿಡಿದು ಕುಳಿತು, ಕೂಡಿ ಹಾಡಿ, ಅರ್ಥ ಕೇಳಬೇಕು. ಈ ದೇಹವನ್ನೇ ಗುಡಿಯೆಂದು ತಿಳಿದು ಒಳಗಿನ ದೇವರನ್ನು ನೋಡಲು ಹೇಳಿದವರು ಶರೀಫರು. ಹೊರಗಿನ ಗುಡಿಯ ಉತ್ಸವದೊಂದಿಗೆ ಒಳಗಿನ ಗುಡಿಯ ದೀಪವೂ ಬೆಳಗಲಿ, ಶಿಶುನಾಳಧೀಶನ ಕೃಪೆ ಸಕಲ ಭಕ್ತರ ಮೇಲಿರಲಿ.