ಮೇವಿನ ಹುಲ್ಲಿಗೆ ಕೊಟ್ಟಿಗೆ ಬಗ್ಗಡದ ಬಳಕೆ: ಶಿವಮೊಗ್ಗ ಮತ್ತು ಭದ್ರಾವತಿ ಭಾಗದ ರೈತರಿಗೆ ಮಾಹಿತಿ

ಪೀಠಿಕೆ

ಶಿವಮೊಗ್ಗ ಹಾಗೂ ಭದ್ರಾವತಿ ನಗರಗಳ ಅಂಚಿನ ಬಡಾವಣೆಗಳಲ್ಲಿಯೂ ಸುತ್ತಲಿನ ಗ್ರಾಮಗಳಲ್ಲಿಯೂ ಹೈನುಗಾರಿಕೆಯನ್ನು ಅವಲಂಬಿಸಿದ ಕುಟುಂಬಗಳು ಅನೇಕವಿವೆ. ಎರಡು ನಗರಗಳ ನಡುವಣ ಮಾಚೇನಹಳ್ಳಿಯಲ್ಲಿ ಹಾಲು ಒಕ್ಕೂಟದ ಡೇರಿ ಇರುವುದರಿಂದ ಹಾಲಿಗೆ ಮಾರುಕಟ್ಟೆಯೂ ಸಮೀಪದಲ್ಲಿಯೇ ಇದೆ. ಹಾಲಿನ ಲೆಕ್ಕವನ್ನು ಪ್ರತಿ ಮನೆಯಲ್ಲಿಯೂ ಇಡಲಾಗುತ್ತದೆ. ಆದರೆ ಕೊಟ್ಟಿಗೆ ತೊಳೆದ ನೀರಿನೊಡನೆ ಹರಿದುಹೋಗುವ ಸಗಣಿ ಮತ್ತು ಗಂಜಲದ ಲೆಕ್ಕ ಇಡುವವರು ವಿರಳ. ಈ ನೀರು ಚರಂಡಿಯನ್ನು ಸೇರಿದರೆ ಅಲ್ಲಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ತುಂಗಾ ಅಥವಾ ಭದ್ರಾ ನದಿಗೆ ಸೇರುತ್ತದೆ. ಕೂಡ್ಲಿಯಲ್ಲಿ ಎರಡೂ ನದಿಗಳು ಒಂದಾಗಿ, ಮುಂದೆ ಹೊನ್ನಾಳಿ, ಹರಿಹರಗಳ ಕಡೆಗೆ ಸಾಗುತ್ತವೆ. ಹೊಲಕ್ಕೆ ಗೊಬ್ಬರವಾಗಬೇಕಾದ ವಸ್ತು ಮತ್ತೊಂದು ಊರಿನ ಕುಡಿಯುವ ನೀರಿಗೆ ಮಾಲಿನ್ಯವಾಗುತ್ತದೆ. ಅದೇ ರೈತರು ಮೇವಿನ ಹುಲ್ಲಿಗೆಂದು ಯೂರಿಯಾ ಚೀಲವನ್ನು ಹಣ ಕೊಟ್ಟು ತರುತ್ತಾರೆ. ಬಗ್ಗಡವನ್ನು ಕೊಳೆಯೆಂದು ಎಣಿಸದೆ ಗೊಬ್ಬರದ ಖಾತೆಯಲ್ಲಿ ಜಮಾ ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬಗ್ಗಡದಲ್ಲಿರುವ ಸಾರ

ಸಗಣಿ, ಗಂಜಲ ಮತ್ತು ತೊಳೆದ ನೀರು ಬೆರೆತು ಹರಿಯುವಷ್ಟು ತೆಳುವಾದ ಮಿಶ್ರಣವನ್ನು ಬಗ್ಗಡ ಅಥವಾ ಸ್ಲರಿ ಎನ್ನುತ್ತಾರೆ. ಗೋಬರ್ ಗ್ಯಾಸ್ ಘಟಕದಿಂದ ಹೊರಬರುವ ದ್ರವಕ್ಕೂ ಇದೇ ಹೆಸರು. ಹಸಿ ಸಗಣಿಯಲ್ಲಿ ಸಾರಜನಕದ ಪ್ರಮಾಣ ಶೇ. 0.3ರಿಂದ 0.4ರಷ್ಟಿದ್ದರೆ, ಗಂಜಲದಲ್ಲಿ ಸುಮಾರು ಶೇ. 1ರಷ್ಟಿರುತ್ತದೆ. ಸಗಣಿಯನ್ನು ತಿಪ್ಪೆಗೆ ಹಾಕಿ ಗಂಜಲವನ್ನು ಮೋರಿಗೆ ಬಿಡುವ ರೂಢಿಯಿಂದ ಹೆಚ್ಚು ಬೆಲೆಯುಳ್ಳ ಭಾಗವೇ ಕೈತಪ್ಪಿ ಹೋಗುತ್ತದೆ. ಕೊಟ್ಟಿಗೆಯ ನೆಲವನ್ನು ಸ್ವಲ್ಪ ಇಳಿಜಾರಾಗಿ ಗಾರೆ ಮಾಡಿ, ಗಂಜಲವು ಒಂದು ತೊಟ್ಟಿಗೆ ಹರಿಯುವಂತೆ ಕಾಲುವೆ ತೆಗೆಯುವುದು ಮೊದಲ ಕೆಲಸ.

ಗೋಬರ್ ಗ್ಯಾಸ್ ಘಟಕ ಹಾಕಿಸಿದರೆ ಸಗಣಿಯ ಸಾರ ಉರಿದುಹೋಗುತ್ತದೆ ಎಂಬ ತಪ್ಪು ಕಲ್ಪನೆ ಇಂದಿಗೂ ಕೆಲವೆಡೆ ಕೇಳಿಬರುತ್ತದೆ. ಘಟಕದಲ್ಲಿ ಉರಿಯುವ ಅನಿಲವು ಮುಖ್ಯವಾಗಿ ಮೀಥೇನ್. ಅದರಲ್ಲಿ ಹೋಗುವುದು ಇಂಗಾಲವೇ ಹೊರತು ಸಾರಜನಕ, ರಂಜಕ, ಪೊಟ್ಯಾಷ್‌ಗಳಲ್ಲ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ವಿಭಾಗವು ನಿರ್ಮಿಸಿದ್ದ ಸಮುದಾಯ ಘಟಕವು ಇದಕ್ಕೆ ಉತ್ತಮ ನಿದರ್ಶನ. 1987ರಿಂದ ಅಲ್ಲಿ ಸಗಣಿಯ ಅನಿಲದಿಂದ ವಿದ್ಯುತ್ ಉತ್ಪಾದಿಸಿ ಊರಿಗೆ ನೀರನ್ನು ಒದಗಿಸಲಾಯಿತು. ಮನೆಗಳಿಂದ ಸಗಣಿ ತಂದವರಿಗೆ ಅನಿಲ ತೆಗೆದ ನಂತರದ ಬಗ್ಗಡವನ್ನು ಮರಳಿನ ಹಾಸಿನಲ್ಲಿ ಸೋಸಿ ಹಿಂದಿರುಗಿಸುವ ವ್ಯವಸ್ಥೆ ಇತ್ತು. ಗೊಬ್ಬರ ಮರಳಿ ಬರುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಯಾವ ರೈತಾಪಿ ಕುಟುಂಬವೂ ಸಗಣಿಯನ್ನು ಕೊಡಲು ಒಪ್ಪುತ್ತಿರಲಿಲ್ಲ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಪ್ರಮಾಣದ ಲೆಕ್ಕ

ಎರಡು ಘನ ಮೀಟರ್ ಸಾಮರ್ಥ್ಯದ ದೀನಬಂಧು ಮಾದರಿಯ ಘಟಕಕ್ಕೆ ದಿನವೊಂದಕ್ಕೆ ಸುಮಾರು 50 ಕೆ.ಜಿ. ಸಗಣಿ ಹಾಗೂ ಅಷ್ಟೇ ನೀರು ಬೇಕು. ನಾಲ್ಕೈದು ಮಿಶ್ರತಳಿ ರಾಸುಗಳಿಂದ ಇಷ್ಟು ಸಗಣಿ ದೊರೆಯುತ್ತದೆ. ಮಲೆನಾಡು ಗಿಡ್ಡ ತಳಿಯ ರಾಸುಗಳು ಸಣ್ಣ ಗಾತ್ರದವಾದುದರಿಂದ ಅವುಗಳ ಸಂಖ್ಯೆ ಹೆಚ್ಚಿರಬೇಕಾಗುತ್ತದೆ. ಈ ಘಟಕದಿಂದ ದಿನಕ್ಕೆ ಸರಿಸುಮಾರು 100 ಲೀಟರ್ ಬಗ್ಗಡ ಹೊರಬರುತ್ತದೆ.

ಸಂಕರಣ ನೇಪಿಯರ್ ಹುಲ್ಲನ್ನು ಮೊದಲ ಕೊಯ್ಲಿನ ನಂತರ ಸುಮಾರು 45 ದಿನಗಳಿಗೊಮ್ಮೆ ಕೊಯ್ಯಲಾಗುತ್ತದೆ. ಎರಡು ಕೊಯ್ಲುಗಳ ನಡುವೆ ಸಂಗ್ರಹವಾಗುವ ಬಗ್ಗಡ 4,500 ಲೀಟರ್, ಶೇ. 0.15ರಂತೆ ಲೆಕ್ಕ ಹಾಕಿದರೂ ಅದರಲ್ಲಿನ ಸಾರಜನಕ 6.75 ಕೆ.ಜಿ. ಇದು ಸುಮಾರು 15 ಕೆ.ಜಿ. ಯೂರಿಯಾದಲ್ಲಿರುವ ಸಾರಜನಕಕ್ಕೆ ಸಮ. ಈ ಬಗ್ಗಡವನ್ನು 10 ಗುಂಟೆ ಹುಲ್ಲಿಗೆ ಹಂಚಿದರೆ ಗುಂಟೆಗೆ 450 ಲೀಟರ್, ಅಂದರೆ 15 ಲೀಟರಿನ 30 ಬಕೆಟ್‌ಗಳಾಗುತ್ತವೆ. ಇದಕ್ಕಿಂತ ಹೆಚ್ಚು ಸುರಿದರೆ ಹುಲ್ಲು ಹೆಚ್ಚು ಬರುತ್ತದೆ ಎಂದು ಭಾವಿಸಬಾರದು. ಮಣ್ಣಿನ ರಂಧ್ರಗಳು ಮುಚ್ಚಿ, ಬುಡಕ್ಕೆ ಗಾಳಿಯಾಡದೆ ಹುಲ್ಲು ಹಳದಿಯಾಗುವುದೇ ಹೆಚ್ಚು.

ಬಗ್ಗಡದ ಸಾರಜನಕವೆಲ್ಲವೂ ಆ ಕೊಯ್ಲಿಗೇ ದೊರೆಯುವುದಿಲ್ಲ. ಸರಿಸುಮಾರು ಅರ್ಧ ಭಾಗ ಅಮೋನಿಯ ರೂಪದಲ್ಲಿದ್ದು ಬೇಗನೆ ಲಭ್ಯವಾಗುತ್ತದೆ. ಉಳಿದುದು ಮಣ್ಣಿನಲ್ಲಿ ನಿಧಾನವಾಗಿ ಕರಗಿ ಮುಂದಿನ ಕೊಯ್ಲುಗಳಿಗೆ ಒದಗುತ್ತದೆ. ಆದುದರಿಂದ ಮೊದಲ ವರ್ಷ ಯೂರಿಯಾವನ್ನು ಪೂರ್ಣವಾಗಿ ನಿಲ್ಲಿಸದೆ, ಬಗ್ಗಡ ಕೊಟ್ಟಷ್ಟಕ್ಕೆ ತಕ್ಕಂತೆ ಕಡಿತ ಮಾಡುವುದು ಲೇಸು. ಬಗ್ಗಡವನ್ನೂ ಹಾಕಿ ಯೂರಿಯಾವನ್ನೂ ಪೂರ್ತಿ ಹಾಕುವುದು ಎರಡು ಬಾರಿ ಖರ್ಚು ಬರೆದಂತೆ. ಅದರಿಂದ ಖರ್ಚಿಗಿಂತ ಗಂಭೀರವಾದ ಅಪಾಯವೂ ಉಂಟು.

ನೈಟ್ರೇಟ್ ವಿಷಬಾಧೆ

ಅಗತ್ಯಕ್ಕಿಂತ ಹೆಚ್ಚು ಸಾರಜನಕ ದೊರೆತ ಹುಲ್ಲು ಅದನ್ನು ನೈಟ್ರೇಟ್ ರೂಪದಲ್ಲಿ ಕಾಂಡದಲ್ಲಿ ಕೂಡಿಟ್ಟುಕೊಳ್ಳುತ್ತದೆ. ದೀರ್ಘಕಾಲ ಒಣಗಿ ನಂತರ ಮಳೆ ಬಿದ್ದಾಗ ಹಾಗೂ ಹಲವು ದಿನ ಮೋಡ ಮುಸುಕಿದ್ದಾಗ ಇದು ಹೆಚ್ಚು. ಇಂತಹ ಎಳೆಯ ಹುಲ್ಲನ್ನು ಹಸಿದ ರಾಸಿಗೆ ಒಮ್ಮೆಲೇ ಹಾಕಿದರೆ ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ ಬದಲಾಗಿ, ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಏದುಸಿರು, ತೂರಾಡುವಿಕೆ, ಬಾಯಿ ಮತ್ತು ಕಣ್ಣಿನ ಒಳಪೊರೆ ನೀಲಿ-ಕಂದು ಬಣ್ಣಕ್ಕೆ ತಿರುಗುವುದು, ರಕ್ತ ಚಾಕೊಲೇಟ್ ಬಣ್ಣಕ್ಕೆ ಬರುವುದು ಇದರ ಲಕ್ಷಣಗಳು. ಕೆಲವೇ ಗಂಟೆಗಳಲ್ಲಿ ರಾಸು ಸಾಯಬಹುದು. ಮೆಥಿಲೀನ್ ಬ್ಲೂ ಚುಚ್ಚುಮದ್ದಿನಿಂದ ಉಳಿಸಲು ಸಾಧ್ಯವಿರುವುದರಿಂದ ಮನೆಮದ್ದಿನಲ್ಲಿ ಸಮಯ ಕಳೆಯದೆ ಪಶುವೈದ್ಯರನ್ನು ಕರೆಯಿಸಬೇಕು.

ತಡೆಯುವುದು ಚಿಕಿತ್ಸೆಗಿಂತ ಸುಲಭ. ಎಳೆಯ ಹುಲ್ಲನ್ನು ಕೊಯ್ಯದೆ ಅವಧಿ ತುಂಬಲು ಬಿಡಬೇಕು. ಬುಡದ ಕಾಂಡದಲ್ಲಿ ನೈಟ್ರೇಟ್ ಹೆಚ್ಚಿರುವುದರಿಂದ ಸ್ವಲ್ಪ ಎತ್ತರದಲ್ಲಿ ಕೊಯ್ಯಬೇಕು. ಮೊದಲು ಒಣ ಹುಲ್ಲು ಹಾಕಿ ನಂತರ ಹಸಿ ಮೇವು ಕೊಡಬೇಕು. ಕತ್ತರಿಸಿದ ಹಸಿ ಹುಲ್ಲನ್ನು ರಾತ್ರಿಯಿಡೀ ರಾಶಿ ಹಾಕಿ ಬಿಸಿಯಾಗಲು ಬಿಡುವುದೂ ಸಲ್ಲದು.

ಹಾಕುವ ಕಾಲ ಮತ್ತು ಕ್ರಮ

ಹುಲ್ಲು ಕೊಯ್ದ ಎರಡು ಮೂರು ದಿನಗಳೊಳಗೆ, ಹೊಸ ಚಿಗುರು ಏಳುವ ಮೊದಲು ಬಗ್ಗಡವನ್ನು ಸಾಲಿನ ನಡುವೆ ಬುಡಕ್ಕೆ ಹರಿಸಬೇಕು. ಎಲೆಗೆ ಮೆತ್ತಿಕೊಂಡ ಹುಲ್ಲನ್ನು ರಾಸುಗಳು ಮೂಸಿ ಬಿಡುತ್ತವೆ. ಬಿಸಿಲಿನಲ್ಲಿ ಹಾಕಿದರೆ ಅಮೋನಿಯದ ಬಹುಪಾಲು ಮೊದಲ ದಿನವೇ ಗಾಳಿಗೆ ಹೋಗುವುದರಿಂದ ಸಂಜೆಯ ಹೊತ್ತು ಸೂಕ್ತ. ಗಟ್ಟಿಯಾದ ಬಗ್ಗಡಕ್ಕೆ ನೀರು ಬೆರೆಸಬೇಕು; ನಂತರ ತೆಳುವಾಗಿ ನೀರು ಹಾಯಿಸಿದರೆ ಸಾರ ಮಣ್ಣಿಗಿಳಿಯುತ್ತದೆ.

ಐರ್ಲೆಂಡ್ ಮೊದಲಾದ ದೇಶಗಳಲ್ಲಿ ಹಸು ಮತ್ತು ಹಂದಿಯ ಬಗ್ಗಡವನ್ನು ಹುಲ್ಲುಗಾವಲಿಗೆ ಹರಡುವುದು ಸಾಮಾನ್ಯ ಪದ್ಧತಿ. ಅಲ್ಲಿ ಹುಲ್ಲು ಬೆಳೆಯದ ಚಳಿಗಾಲದ ತಿಂಗಳುಗಳಲ್ಲಿ ಹರಡುವುದನ್ನು ಕಾನೂನಿನಿಂದ ನಿಷೇಧಿಸಲಾಗಿದೆ. ನಮ್ಮಲ್ಲಿ ಇದಕ್ಕೆ ಸರಿದೂಗುವ ಕಾಲವೆಂದರೆ ಮುಂಗಾರಿನ ಬಿರುಸಿನ ದಿನಗಳು. ಆರಿದ್ರಾದಿಂದ ಆಶ್ಲೇಷಾ ಮಳೆಯವರೆಗೆ ಹಾಕಿದ ಬಗ್ಗಡ ನಿಲ್ಲದೆ ಹಳ್ಳ ಸೇರುತ್ತದೆ, ಇಳಿಜಾರಿನಲ್ಲಂತೂ ಹೇಳಬೇಕಾಗಿಯೇ ಇಲ್ಲ. ಈ ಎಂಟು ವಾರಗಳಲ್ಲಿ ಮೇಲ್ಕಂಡ ಘಟಕದಿಂದ 5,600 ಲೀಟರ್ ಬಗ್ಗಡ ಬರುವುದರಿಂದ ಸುಮಾರು ಆರು ಘನ ಮೀಟರಿನ, ಮೇಲೆ ಚಾವಣಿ ಇರುವ ತೊಟ್ಟಿ ಬೇಕಾಗುತ್ತದೆ. ಚಾವಣಿ ಇಲ್ಲದ ಗುಂಡಿ ಮಳೆನೀರಿನಿಂದಲೇ ತುಂಬಿ ಹರಿಯುತ್ತದೆ. ತೊಟ್ಟಿ ಕಟ್ಟಿಸಲಾಗದವರು ದರಗು, ಅಡಿಕೆ ಸಿಪ್ಪೆ, ಒಣ ಕಸಗಳಿಗೆ ಬಗ್ಗಡವನ್ನು ಹೀರಿಸಿ ಮರೆಯಿರುವ ಕಡೆ ಕಾಂಪೋಸ್ಟ್ ಮಾಡಬಹುದು. ಮಲೆನಾಡಿನ ಮನೆಗಳಿಗೆ ಇದೇನೂ ಹೊಸ ವಿದ್ಯೆಯಲ್ಲ.

ಬ್ರಿಟನ್ನಿನ ನಿಯಮಗಳಲ್ಲಿ ಬಾವಿ, ಕೊಳವೆ ಬಾವಿಗಳಿಂದ 50 ಮೀಟರ್ ಹಾಗೂ ಹರಿಯುವ ನೀರಿನಿಂದ 10 ಮೀಟರ್ ಅಂತರ ಬಿಡಲು ಸೂಚಿಸಲಾಗಿದೆ. ಭದ್ರಾ ಕಾಲುವೆಗಳ ಅಂಚಿನ ಜಮೀನುಗಳಲ್ಲಿಯೂ ಈ ಅಂತರವನ್ನು ಪಾಲಿಸುವುದು ಒಳ್ಳೆಯದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವು ನಿಗದಿಪಡಿಸಿದೆ. ಬಾವಿಗೆ ಒಮ್ಮೆ ಇಳಿದ ನೈಟ್ರೇಟ್ ಕುದಿಸಿದರೂ ಹೋಗುವುದಿಲ್ಲ. ಹೊಳೆ, ಬಾವಿಗಳಿಗೆ ಮಾಲಿನ್ಯಕಾರಕ ವಸ್ತುಗಳನ್ನು ಬಿಡುವುದು 1974ರ ಜಲ ಮಾಲಿನ್ಯ ನಿಯಂತ್ರಣ ಅಧಿನಿಯಮದ 24ನೇ ಪ್ರಕರಣದ ಅನ್ವಯ ನಿಷಿದ್ಧ.

ಹಂದಿ ಸಾಕಣೆದಾರರ ಗಮನಕ್ಕೆ

ಹಂದಿಯ ಬಗ್ಗಡವು ಹಸುವಿನ ಬಗ್ಗಡಕ್ಕಿಂತ ಸಾರಜನಕದಲ್ಲಿ ಹೆಚ್ಚು ತೀಕ್ಷ್ಣವಾದುದು. ಸಾವಿರ ಲೀಟರಿಗೆ 3ರಿಂದ 4 ಕೆ.ಜಿ. ಇರುವುದುಂಟು. ಆದುದರಿಂದ ಗುಂಟೆಗೆ ಹಾಕುವ ಪ್ರಮಾಣವನ್ನು ಅರ್ಧಕ್ಕೆ ಇಳಿಸಬೇಕು. ಸಿದ್ಧ ಆಹಾರದಲ್ಲಿ ಸೇರಿಸುವ ತಾಮ್ರ ಮತ್ತು ಸತುವಿನ ಅಂಶ ಬಗ್ಗಡದಲ್ಲಿ ಉಳಿಯುವುದರಿಂದ, ಅದನ್ನು ಹಾಕಿದ ಹುಲ್ಲನ್ನು ಕುರಿಗಳಿಗೆ ಮೇಯಿಸುವುದು ಉಚಿತವಲ್ಲ. ಕುರಿಗಳಿಗೆ ತಾಮ್ರ ಬೇಗನೆ ವಿಷವಾಗುತ್ತದೆ. ರೋಗಾಣುಗಳು ನಾಶವಾಗಲು ಬಗ್ಗಡವನ್ನು ಘಟಕದಲ್ಲಿ ಹುದುಗಿಸಿಯೋ ತಿಂಗಳುಗಟ್ಟಲೆ ಸಂಗ್ರಹಿಸಿಯೋ ಬಳಸಬೇಕು. ಹಾಕಿದ ನಂತರ ಕನಿಷ್ಠ ನಾಲ್ಕು ವಾರ ಮೇಯಿಸಬಾರದು, ಕೊಯ್ಯಲೂಬಾರದು. ಊರಿನ ರಾಸುಗಳೆಲ್ಲ ಮೇಯುವ ಗೋಮಾಳಕ್ಕೆ ಯಾವುದೇ ಬಗ್ಗಡವನ್ನು ಹರಡಬಾರದು. 2020ರಲ್ಲಿ ಅಸ್ಸಾಂ ಹಾಗೂ ಅರುಣಾಚಲ ಪ್ರದೇಶಗಳಲ್ಲಿ ಮೊದಲು ಕಂಡುಬಂದ ಆಫ್ರಿಕನ್ ಹಂದಿಜ್ವರ ನಂತರ ಇತರ ರಾಜ್ಯಗಳಿಗೂ ಹರಡಿದೆ. ಹಂದಿಗಳು ಕಾರಣ ತಿಳಿಯದೆ ಸತ್ತರೆ ಬಗ್ಗಡವನ್ನು ಹೊರಸಾಗಿಸದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು.

ಗುಂಡಿಯ ಎಚ್ಚರಿಕೆ

ಬಗ್ಗಡದ ಗುಂಡಿಯನ್ನು ಕಲಕಿದಾಗ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಒಮ್ಮೆಲೇ ಹೊರಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರ ಗುರುತು. ಆದರೆ ಪ್ರಮಾಣ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಾಗುತ್ತದೆ. ಯಾವ ಕಾರಣಕ್ಕೂ ಗುಂಡಿಗೆ ಅಥವಾ ಘಟಕದ ಒಳಕ್ಕೆ ಇಳಿಯಬಾರದು. ಒಳಗೆ ಬಿದ್ದವರನ್ನು ಎತ್ತಲು ಹಿಂದೆಯೇ ಇಳಿದವರೂ ಸಾಯುತ್ತಾರೆ. ಹೊರಗಿನಿಂದಲೇ ಹಗ್ಗ ಬಿಟ್ಟು, ಅಗ್ನಿಶಾಮಕ ದಳಕ್ಕೆ ಕರೆ ಮಾಡಬೇಕು. ಗುಂಡಿಗೆ ಗಟ್ಟಿಯಾದ ಮುಚ್ಚಳವೂ, ಮಕ್ಕಳು ಸುಳಿಯದಂತೆ ಬೇಲಿಯೂ ಇರತಕ್ಕದ್ದು.

ಮಣ್ಣು ಪರೀಕ್ಷೆಗೆ ಶಿವಮೊಗ್ಗದ ನವಿಲೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು, ಮೇವಿನ ತಳಿ ಮತ್ತು ರಾಸುಗಳ ಆರೋಗ್ಯದ ಬಗ್ಗೆ ಸಮೀಪದ ಪಶು ಆಸ್ಪತ್ರೆಯನ್ನು, ಗೊಬ್ಬರದ ಶಿಫಾರಸಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.